ಏಳು ದಿನ, ಐದು ಚಿತ್ರ, ಲೆಕ್ಕವಿಲ್ಲದಷ್ಟು ಟ್ರೈಲರು

ನಮ್ಮ ತಲೆಮಾರಿನ ಹಳ್ಳಿಯ ಹುಡುಗರಿಗೆ ಎರಡು ಶಾಲೆಗಳಿದ್ದವು. ಒಂದು, ಹೆಂಚಿನ ಸರ್ಕಾರಿ ಶಾಲೆ. ಇನ್ನೊಂದು, ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿಗೆ ಬಂದು ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರು ಹಾಡಿದ ತಿಮ್ಮಪ್ಪನ ಭಕ್ತಿಗೀತೆ ತೇಲಿಬಂತೆಂದರೆ ಟಿಕೆಟ್ಟು ಕೊಡಲಾರಂಭಿಸಿದರೆಂದು ಅರ್ಥ. ಹಾಡು ಮುಗಿಯುವುದರೊಳಗೆ ನೆಲದ ಮೇಲೆ ಮರಳು ಗುಡ್ಡೆಮಾಡಿಕೊಂಡು ಅದರ ಮೇಲೆ ಕುಳಿತುಬಿಡಬೇಕು. ಇಲ್ಲವಾದರೆ ಮುಂದಿನವರ ತಲೆಯೇ ಚಿತ್ರ! ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ, ಆಮೇಲೆ ಮುಖ್ಯ ಚಿತ್ರ. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು. ಕಡಲೆಕಾಯಿ, ಸೋಡಾ ಮಾರುವವರು ಓಡಾಡುತ್ತಿದ್ದರು. ಹೀಗೆ ಎರಡೂವರೆ ಗಂಟೆಯ ಚಿತ್ರ ಮೂರೂವರೆ ಗಂಟೆಯಾದರೂ ಯಾರೂ ಗೊಣಗುತ್ತಿರಲಿಲ್ಲ. ನಾಲ್ಕಾಣೆಗೆ ಅಷ್ಟು ಹೆಚ್ಚು ಹೊತ್ತು ಸಿಕ್ಕಿತಲ್ಲ ಎಂಬ ಸಂತೋಷ ನಮಗೆ.

ಆ ಹುಚ್ಚು ಅಂದು ಹತ್ತಿದ್ದು ಇಂದಿಗೂ ಇಳಿದಿಲ್ಲ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕರುಣರಸಕ್ಕೆ ಉದಾಹರಣೆ ಕೊಡುವಾಗ ಹರಿಶ್ಚಂದ್ರ ಕಾವ್ಯದಿಂದ ಹೊರಟವನು ಎರಡೇ ನಿಮಿಷದಲ್ಲಿ ಸಿನಿಮಾದ ಹರಿಶ್ಚಂದ್ರನ ಬಳಿಗೆ ಬಂದು ನಿಲ್ಲುತ್ತಿದ್ದೆನೆಂದು ನೀವು ಈಗಲೂ ನಗುತ್ತೀರಿ. 2019ರಲ್ಲಿ ನಿವೃತ್ತನಾದ ಮೇಲೆ ಮಗ ಟಿ.ವಿ.ಗೆ ಅಂತರ್ಜಾಲದ ಸಂಪರ್ಕ ಕೊಡಿಸಿದ. ಅಂದಿನಿಂದ ಟೆಂಟು ನಮ್ಮ ಮನೆಯ ನಡುಮನೆಯಲ್ಲೇ ಬೀಡುಬಿಟ್ಟಿದೆ. "ಆ ಟೆಂಟಾದರೂ ಮಳೆಗಾಲಕ್ಕೆ ಕಿತ್ತುಕೊಂಡು ಹೋಗ್ತಿತ್ತು" ಎಂಬುದು ನನ್ನಾಕೆಯ ಅಂಬೋಣ.

ಈಚೆಗೆ ಒಂದು ವಾರ ಮಾತ್ರ ಈ ಹುಚ್ಚಿಗೆ ಒಂದು ಉದ್ದೇಶ ಒದಗಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪಕ್ಕದ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ. ಒಂದು ಭಾನುವಾರ ಫೋನು ಮಾಡಿದಳು. "ಸಾರ್, ದಾನಿಗಳೊಬ್ಬರು ಶಾಲೆಗೆ ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಮುಂದಿನ ವಾರ ಬಿಟ್ಟು ಅದರಾಚೆಯ ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಒಂಬತ್ತನೆಯ ತರಗತಿಯವರಿಗೆ ಒಂದು ಒಳ್ಳೆಯ ಕನ್ನಡ ಚಿತ್ರ ತೋರಿಸಬೇಕೂಂತಿದ್ದೀನಿ. ನೀವೇ ಆರಿಸಿಕೊಡಿ. ಆದರೆ ಒಂದು ತೊಂದರೆ ಇದೆ ಸಾರ್. ಈ ಮಕ್ಕಳು ಎರಡೂವರೆ ನಿಮಿಷಕ್ಕಿಂತ ಹೆಚ್ಚು ಯಾವುದನ್ನೂ ನೋಡಲ್ಲ. ಟ್ರೈಲರ್ ನೋಡ್ತಾರೆ, ಸಿನಿಮಾ ನೋಡಿದೆ ಅಂತಾರೆ. ಹಾಗೆ ಪಾಠದ ಸಾರಾಂಶ ನೋಡ್ತಾರೆ, ಪಾಠ ಓದಿದೆ ಅಂತಾರೆ."

ಕೊನೆಯ ಮಾತು ನನ್ನನ್ನು ಚುಚ್ಚಿತು. ಗೈಡುಗಳೊಡನೆ ಮೂವತ್ತಾರು ವರ್ಷ ಹೋರಾಡಿದವನಲ್ಲವೇ ನಾನು! ಒಪ್ಪಿಕೊಂಡೆ. ಬೆಂಗಳೂರಿನಿಂದ ಮೊಮ್ಮಗನೂ ಬಂದಿದ್ದ. ಎಂಟನೆಯ ತರಗತಿ, ಅವನ ಶಾಲೆಗೆ ಆ ವಾರ ರಜೆ. ನಮ್ಮಿಬ್ಬರಲ್ಲಿ ಒಂದು ಕರಾರು ಆಯಿತು. ಸಂಜೆ ನಾನು ಹಾಕುವ ಚಿತ್ರವನ್ನು ಅವನು ಕೊನೆಯವರೆಗೂ ನೋಡಬೇಕು, ಅವನು ತೋರಿಸುವ ಹೊಸ ಟ್ರೈಲರುಗಳನ್ನು ನಾನು ತಪ್ಪದೆ ನೋಡಬೇಕು.

ಸೋಮವಾರ 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ಚಿತ್ರ. ವಿಷ್ಣುವರ್ಧನ್ ನಾಯಕನಾಗಿ ಬೆಳಗಿದ್ದು, ಅಂಬರೀಶ್ ಮೊದಲು ಕಾಣಿಸಿಕೊಂಡದ್ದು ಇದರಲ್ಲೇ. 2018ರಲ್ಲಿ ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂದಾಗಲೂ ಜನ ಮುಗಿಬಿದ್ದರು. ಕರ್ನಾಟಕದಲ್ಲಿ ಮೇಷ್ಟ್ರಾದವನಿಗೆ ಈ ಚಿತ್ರದಿಂದ ಬಿಡುಗಡೆಯಿಲ್ಲ. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ನಮ್ಮೆಲ್ಲರ ಬೆನ್ನ ಹಿಂದೆ ನಿಂತೇ ಇದ್ದಾರೆ. ಹದಿಮೂರನೆಯ ವಯಸ್ಸಿನಲ್ಲಿ ನೋಡಿದಾಗ ನಾನು ರಾಮಾಚಾರಿಗಾಗಿ ಅತ್ತಿದ್ದೆ. ಬಿ.ಎಡ್. ಓದುವಾಗ ನೋಡಿ, ಮೇಷ್ಟ್ರೆಂದರೆ ಹೀಗಿರಬೇಕು ಎಂದುಕೊಂಡಿದ್ದೆ. ಈಗ ನೋಡಿದಾಗ ಕಣ್ಣಿಗೆ ಬಿದ್ದದ್ದೇ ಬೇರೆ. ಮೇಷ್ಟ್ರ ಪ್ರೀತಿ ಅಪ್ಪಟವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರೀತಿಯ ಬಲದಿಂದಲೇ ಅವರು ಶಿಷ್ಯನ ಬಾಳಿನ ತೀರ್ಮಾನವನ್ನು ತಾವೇ ಕೈಗೊಳ್ಳುತ್ತಾರೆ. ಅಲಮೇಲುವನ್ನು ಬಿಟ್ಟುಕೊಡು ಎನ್ನುತ್ತಾರೆ, ಆತ ಬಿಟ್ಟುಕೊಡುತ್ತಾನೆ. ಅವಳ ಬಾಳು ಮುಂದೆ ಏನಾಯಿತೆಂಬುದು ನಿಮಗೆ ಗೊತ್ತು. ಮೇಷ್ಟ್ರಾದವನು ಲೆಕ್ಕ ಬಿಡಿಸುವ ವಿಧಾನ ಹೇಳಿಕೊಡಬಹುದು, ಶಿಷ್ಯನ ಲೆಕ್ಕವನ್ನು ತಾನೇ ಬಿಡಿಸಿಬಿಡಬಾರದು. ಇದು ಶಿಕ್ಷಕರು ನೋಡಬೇಕಾದ ಚಿತ್ರ. ದುರ್ಗದ ಬೆಟ್ಟದ ಆ ಕೊನೆಯನ್ನು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಇಡಲು ನನಗೆ ಮನಸ್ಸಾಗಲಿಲ್ಲ.

ಮಂಗಳವಾರ 'ಬಂಗಾರದ ಮನುಷ್ಯ'. ಅದೂ 1972ರದೇ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ವಿಧವೆಯಾದ ಅಕ್ಕನ ಸಂಸಾರಕ್ಕೆ ಆಸರೆಯಾಗಲು ನಿಂತ ರಾಜೀವ ಬಂಜರು ನೆಲವನ್ನು ಹಸನು ಮಾಡುತ್ತಾನೆ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಕೊನೆಗೆ ಯಾರಿಗಾಗಿ ಬೆವರು ಸುರಿಸಿದನೋ ಅವರಿಂದಲೇ ಅನ್ನದ ಮುಂದೆ ಕುಳಿತಾಗ ಮಾತು ಕೇಳಬೇಕಾಗುತ್ತದೆ. ಆತ ತುತ್ತು ಬಿಟ್ಟು ಏಳುತ್ತಾನೆ. ಒಂದು ಮಾತೂ ಆಡದೆ ಹೊರಟುಹೋಗುತ್ತಾನೆ.

"ಯಾಕೆ ತಾತ, ಅವನು ತಿರುಗಿ ಬಯ್ಯಲ್ಲ?" ಎಂದ ಮೊಮ್ಮಗ.

ನಾನು ಉತ್ತರ ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಉಂಡೆಲೆ ಬಿಟ್ಟು ಏಳುವುದೆಂದರೆ ಏನೆಂದು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಅವನ ಮುಖ ನೋಡಿದಾಗ ಹೇಳುವ ಅಗತ್ಯವಿಲ್ಲವೆನಿಸಿತು. ಅವನು ಟಿ.ವಿ. ಆರಿದ ಮೇಲೂ ಹಾಗೆಯೇ ಕುಳಿತಿದ್ದ. ಆ ದೃಶ್ಯವೊಂದನ್ನೇ ಕತ್ತರಿಸಿ ತೋರಿಸಿದ್ದರೆ ಅದು ಯಾರೋ ಒಬ್ಬ ಮನುಷ್ಯ ಊಟದ ನಡುವೆ ಎದ್ದುಹೋದದ್ದು, ಅಷ್ಟೇ. ಎರಡೂವರೆ ಗಂಟೆ ಅವನೊಡನೆ ಹೊಲದಲ್ಲಿದ್ದು, ಅವನೊಡನೆ ಉಂಡು, ಅವನೊಡನೆ ನಕ್ಕವರಿಗೆ ಮಾತ್ರ ಆ ಎಲೆಯ ಭಾರ ತಿಳಿಯುತ್ತದೆ.

ಬುಧವಾರ ನನ್ನ ಸರದಿ. ಮೊಮ್ಮಗ ಒಂದೇ ಸಂಜೆ ಇಪ್ಪತ್ತಮೂರು ಟ್ರೈಲರುಗಳನ್ನು ತೋರಿಸಿದ! 2022ರಲ್ಲಿ ದೇಶವನ್ನೇ ಅಲ್ಲಾಡಿಸಿದ 'ಕೆ.ಜಿ.ಎಫ್.'ನ ಎರಡನೆಯ ಅಧ್ಯಾಯದಿಂದ ಹಿಡಿದು 2025ರ 'ಕಾಂತಾರ'ದ ಮೊದಲ ಅಧ್ಯಾಯದವರೆಗೆ, ಅಲ್ಲಿಂದ ಮುಂದೆ ಇನ್ನೂ ತೆರೆ ಕಾಣದ ಚಿತ್ರಗಳವರೆಗೆ. ಅವುಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಕಾಡು, ಬೆಂಕಿ, ಜನಸಾಗರ, ಎದೆಗೆ ಗುದ್ದುವ ನಾದ ಎಲ್ಲವನ್ನೂ ಎರಡು ಮೂರು ನಿಮಿಷಗಳಲ್ಲಿ ಅಡಕಗೊಳಿಸುವುದು ಸಾಮಾನ್ಯ ಕಸುಬಲ್ಲ. ನಾಲ್ಕು ಸಾಲಿನಲ್ಲಿ ಊರನ್ನೂ ಋತುವನ್ನೂ ತರುವ ಕವಿಯ ಜಾಣ್ಮೆಯೇ ಅಲ್ಲಿಯೂ ಬೇಕು.

ಟ್ರೈಲರ್ ಎಂಬ ಹೆಸರಿನ ಮೂಲವೂ ಸ್ವಾರಸ್ಯಕರ. ನಮ್ಮ ಹಳ್ಳಿಗಳಲ್ಲಿ ಟ್ರೈಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಗಾಡಿ. ಸಿನಿಮಾದ ಟ್ರೈಲರೂ ಮೊದಲಿಗೆ ಹಿಂದೆ ಬರುವಂಥದೇ ಆಗಿತ್ತು. 1910ರ ದಶಕದಲ್ಲಿ ಅಮೆರಿಕದಲ್ಲಿ ಮುಖ್ಯ ಚಿತ್ರ ಮುಗಿದ ಬಳಿಕ ಮುಂಬರುವ ಚಿತ್ರದ ತುಣುಕನ್ನು ತೋರಿಸುತ್ತಿದ್ದರು. ಚಿತ್ರ ಮುಗಿದೊಡನೆ ಜನ ಎದ್ದುಹೋಗುತ್ತಿದ್ದುದರಿಂದ ಅದನ್ನು ಕ್ರಮೇಣ ಮುಂದಕ್ಕೆ ತಂದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಈಗಂತೂ ಟ್ರೈಲರು ಟ್ರ್ಯಾಕ್ಟರಿಗಿಂತ ತಿಂಗಳುಗಟ್ಟಲೆ ಮುಂಚೆ ಊರಿಗೆ ಬಂದುಬಿಡುತ್ತದೆ. ಅದಕ್ಕೂ ಮುಂಚೆ ಟೀಸರು, ಟೀಸರಿಗೂ ಮುಂಚೆ ಅದು ಯಾವಾಗ ಬರುತ್ತದೆಂಬ ಪ್ರಕಟಣೆ!

ನಮಗೆ ಟ್ರೈಲರು ಇರಲಿಲ್ಲವೆಂದಲ್ಲ. ಎತ್ತಿನ ಗಾಡಿಯ ಎರಡು ಪಕ್ಕಕ್ಕೂ ಪೋಸ್ಟರು ಕಟ್ಟಿಕೊಂಡು, ತಮಟೆ ಬಡಿಯುತ್ತ, ಬಣ್ಣದ ಕರಪತ್ರ ತೂರುತ್ತ ಬರುತ್ತಿದ್ದರು. ಧೂಳಿನಲ್ಲಿ ಅದರ ಹಿಂದೆ ಓಡಿ ಕರಪತ್ರ ಹಿಡಿಯುವುದೇ ಒಂದು ಸಾಹಸ. ಇನ್ನು ಹತ್ತು ಪೈಸೆಯ ಹಾಡಿನ ಪುಸ್ತಕ. ಅದರ ಮೊದಲ ಪುಟದಲ್ಲಿ ಕಥಾಸಾರಾಂಶವನ್ನು ಮುಕ್ಕಾಲು ಪಾಲು ಹೇಳಿ, ನಾಯಕಿ ಸಂಕಟಕ್ಕೆ ಸಿಲುಕಿದ ಜಾಗದಲ್ಲಿ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಮುಗಿಸುತ್ತಿದ್ದರು. ಆ ಪುಸ್ತಕ ಕೈಗೆ ಬಂದ ಮೇಲೆ ಚಿತ್ರ ಊರಿಗೆ ಬರಲು ಎಷ್ಟೋ ತಿಂಗಳಾಗುತ್ತಿತ್ತು. ಆ ತಿಂಗಳುಗಳಲ್ಲಿ ಉಳಿದ ಕಥೆಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. ಕೆಲವೊಮ್ಮೆ ನಮ್ಮ ಕಥೆಯೇ ಸಿನಿಮಾದ ಕಥೆಗಿಂತ ಚೆನ್ನಾಗಿರುತ್ತಿತ್ತು.

ಮೊಮ್ಮಗ ವಾದಕ್ಕಿಳಿದ. "ಟ್ರೈಲರಲ್ಲೇ ಕಥೆ ಗೊತ್ತಾಗತ್ತಲ್ಲ ತಾತ, ಆಮೇಲೆ ಮೂರು ಗಂಟೆ ಯಾಕೆ ಕೂರಬೇಕು?"

ಕಾಗದ ಪೆನ್ನು ತರಿಸಿದೆ. ಸಿನಿಮಾ ಎಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳು. ಎರಡೂವರೆ ಗಂಟೆಯ ಸಿನಿಮಾದಲ್ಲಿ 2,16,000 ಚಿತ್ರಗಳು, ಎರಡೂವರೆ ನಿಮಿಷದ ಟ್ರೈಲರಿನಲ್ಲಿ 3,600. ಹಳೆಯ ರೀಲಿನ ಲೆಕ್ಕದಲ್ಲಿ ನಿಮಿಷಕ್ಕೆ ತೊಂಬತ್ತು ಅಡಿ, ಎಂದರೆ 13,500 ಅಡಿಗೆ 225 ಅಡಿ. ಅರವತ್ತರಲ್ಲಿ ಒಂದು ಪಾಲು. ಅರವತ್ತು ಪುಟದ ಪುಸ್ತಕದಲ್ಲಿ ಒಂದೇ ಪುಟ ಓದಿದಂತಾಯಿತು, ಅದೂ ಪುಟಕ್ಕೊಂದು ಪದದಂತೆ ಹೆಕ್ಕಿ. ಅವನು ಲೆಕ್ಕ ಒಪ್ಪಿದ, ವಾದ ಒಪ್ಪಲಿಲ್ಲ. "ಕಥೆ ಗೊತ್ತಾದರೆ ಸಾಕಲ್ಲ?" ಎಂದ.

ರಾತ್ರಿ ಮಲಗಿದ ಮೇಲೆ ಇದನ್ನೇ ಯೋಚಿಸಿದೆ. ನಮ್ಮೂರಿನಲ್ಲಿ ಮೂಡಲಪಾಯದ ಬಯಲಾಟ ನಡೆಯುತ್ತಿದ್ದಾಗ ಕಥೆ ಗೊತ್ತಿಲ್ಲದವರು ಯಾರಿದ್ದರು? ದ್ರೌಪದಿಯ ಸೀರೆ ಬೆಳೆಯುತ್ತದೆಂದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ದುಶ್ಶಾಸನ ಸೆರಗಿಗೆ ಕೈಹಾಕಿದಾಗ ನಮ್ಮಜ್ಜಿ ನಡುಗುತ್ತಿದ್ದಳು, ಬೆಳಗಿನ ಜಾವದವರೆಗೂ ಕಂಬಳಿ ಹೊದ್ದು ಕುಳಿತಿರುತ್ತಿದ್ದಳು. ಕಥೆ ತಿಳಿಯಲೆಂದು ಆಕೆ ಕೂತದ್ದಲ್ಲ. ಆ ಹೆಂಗಸಿನ ಸಂಕಟದ ಜೊತೆಯಲ್ಲಿ ಒಂದು ರಾತ್ರಿ ಇರಲು ಕೂತದ್ದು. ಆದ್ದರಿಂದ ಟ್ರೈಲರು ಕಥೆಯನ್ನು ಬಿಟ್ಟುಕೊಡುತ್ತದೆಂಬ ದೂರು ನನಗಿಲ್ಲ. ಕಥೆಯನ್ನು ಅದು ಕೊಡಬಲ್ಲದು, ಕಾಯುವುದನ್ನು ಕೊಡಲಾರದು.

ಗುರುವಾರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 1986ರಲ್ಲಿ ಚಿತ್ರವಾಗಿಸಿದರು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ತಬರಶೆಟ್ಟಿಯಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಎಂಬತ್ತರ ದಶಕದ ಕೊನೆಯಲ್ಲಿ ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರವಾಗಿ, ನೆರೆಮನೆಯ ಕಪ್ಪುಬಿಳುಪು ಪೆಟ್ಟಿಗೆಯಲ್ಲಿ ಇದನ್ನು ನೋಡಿದ್ದೆ. ಆಗ ನಾನು ತರುಣ ಶಿಕ್ಷಕ. ಪಿಂಚಣಿ ಎಂಬುದು ನನ್ನ ಪಾಲಿಗೆ ಮೂವತ್ತು ವರ್ಷ ದೂರದ ಪದ. ಈಗ ಪಿಂಚಣಿದಾರನಾಗಿ ನೋಡಿದೆ.

ತಬರ ಪುರಸಭೆಯ ಸಣ್ಣ ನೌಕರ. ನಿವೃತ್ತಿಯ ನಂತರ ತನ್ನ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುವುದಿಲ್ಲ. ಹಣ ಬಂದರೆ ಚಿಕಿತ್ಸೆ. ಹಣ ಬರುವುದು ಕಾಗದ ಚಲಿಸಿದರೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಆ ಕಾಗದ ಹೋಗುವಷ್ಟರಲ್ಲಿ ಆಕೆ ತೀರಿಕೊಳ್ಳುತ್ತಾಳೆ. ಅಲ್ಲಿ ಖಳನಾಯಕನಿಲ್ಲ. ಎಲ್ಲರೂ ನಾಳೆ ಬಾ ಎನ್ನುತ್ತಾರೆ, ಅಷ್ಟೇ. ಕಾಸರವಳ್ಳಿಯವರ ಕ್ಯಾಮೆರಾ ಆ ಮುದುಕ ಕಾಯುವಷ್ಟು ಹೊತ್ತು ತಾನೂ ಕಾಯುತ್ತದೆ, ನಮ್ಮನ್ನೂ ಕಾಯಿಸುತ್ತದೆ.

ನೋಡುತ್ತ ನೋಡುತ್ತ ನನ್ನ ಕಣ್ಣ ಮುಂದೆ ಬಂದು ನಿಂತವನು ನಮ್ಮ ಶಾಲೆಯ ಗಂಟೆ ತಾತ. ನಿಮ್ಮಲ್ಲಿ 1996ಕ್ಕಿಂತ ಮುಂಚೆ ಓದಿದವರಿಗೆಲ್ಲ ಅವನ ನೆನಪಿರಲೇಬೇಕು. ಖಾಕಿ ಅಂಗಿ, ಮಡಚಿ ಕಟ್ಟಿದ ಪಂಚೆ, ಕೊನೆಯ ಪೀರಿಯಡ್ಡಿನ ಗಂಟೆಯನ್ನು ಮಾತ್ರ ಎರಡು ಪೆಟ್ಟು ಹೆಚ್ಚಿಗೆ ಬಾರಿಸುವ ಔದಾರ್ಯ. ಆ ವರ್ಷ ನಿವೃತ್ತನಾದ. ಅವನ ಸೇವಾಪುಸ್ತಕದಲ್ಲಿ ಬರೆದ ಹುಟ್ಟಿದ ವರ್ಷಕ್ಕೂ ಸೇರುವಾಗ ಕೊಟ್ಟ ದಾಖಲೆಯ ವರ್ಷಕ್ಕೂ ಎರಡು ವರ್ಷ ವ್ಯತ್ಯಾಸವಿತ್ತು. ಕಡತ ಆಕ್ಷೇಪಣೆಯೊಡನೆ ಹಿಂದಕ್ಕೆ ಬಂತು. ಉತ್ತರ ಬರೆದು ಕಳಿಸಿದೆವು. ಮತ್ತೊಂದು ಆಕ್ಷೇಪಣೆ ಬಂತು. ಅವನಿಗೆ ಓದುಬರಹ ಅಷ್ಟಕ್ಕಷ್ಟೇ. ಅವನ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ನಾನು. ಹನ್ನೊಂದು ಅರ್ಜಿಗಳು. ನಿವೃತ್ತನಾದ ಮೇಲೂ ಅವನು ದಿನವೂ ಬೆಳಿಗ್ಗೆ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಶಾಲೆಗೆ ಬರುತ್ತಿದ್ದ. ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು, "ಕಾಗದ ಏನಾರ ಬಂತಾ ಸಾಮಿ?" ಎನ್ನುತ್ತಿದ್ದ. ಇಲ್ಲವೆಂದರೆ ಬೇಸರಪಡದೆ, ಹೊಸ ಜವಾನ ಗಂಟೆ ಬಾರಿಸುವುದನ್ನು ಕೇಳಿಸಿಕೊಂಡು, "ಕೈ ಇನ್ನೂ ಪಳಗಬೇಕು" ಎಂದು ಹೇಳಿ ಹೋಗುತ್ತಿದ್ದ. ಹತ್ತೊಂಬತ್ತು ತಿಂಗಳು ಹೀಗೆ. ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ಅವನು ಸತ್ತ ನಾಲ್ಕು ತಿಂಗಳಿಗೆ ಮಂಜೂರಾತಿ ಆದೇಶ ಬಂತು. ಅದರಲ್ಲಿ ಅವನ ಹೆಸರಿನ ಹಿಂದೆ ದಿವಂಗತ ಎಂಬ ಪದವಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅವನಿನ್ನೂ ಕಾಯುತ್ತಿದ್ದ. ಆ ಹೆಣ್ಣುಮಗಳಿಗೆ ಕುಟುಂಬ ಪಿಂಚಣಿ ಕೊಡಿಸಲು ಮತ್ತೆ ಮೊದಲಿನಿಂದ ಅರ್ಜಿ ಬರೆದೆ.

ಚಿತ್ರ ಮುಗಿದಾಗ ಮೊಮ್ಮಗ ನಿದ್ದೆ ಹೋಗಿದ್ದ. ಕರಾರು ಮುರಿದನೆಂದು ನಾನು ಎಬ್ಬಿಸಲಿಲ್ಲ. ನನ್ನಾಕೆ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ಕೊನೆಯವರೆಗೂ ನೋಡಿದ್ದಳು. "ಆ ಗಂಟೆ ತಾತನ ಹೆಂಡತಿ ಒಂದು ಸಲ ಬಂದಾಗ ಅವರೇಕಾಯಿ ತಂದುಕೊಟ್ಟಿದ್ದಳು, ನೆನಪಿದೆಯಾ?" ಎಂದಳು. ನೆನಪಿತ್ತು.

ಶುಕ್ರವಾರ ಮನೆಯಲ್ಲಿ ನಗು ಬೇಕಾಗಿತ್ತು. 2025ರಲ್ಲಿ ಬಾಯಿಂದ ಬಾಯಿಗೆ ಹರಡಿದ ಹೊಗಳಿಕೆಯಿಂದಲೇ ಗೆದ್ದ, ಜೆ.ಪಿ. ತುಮಿನಾಡ್ ಅವರ 'ಸು ಫ್ರಮ್ ಸೋ' ಹಾಕಿದೆವು. ಕರಾವಳಿಯ ಹಳ್ಳಿಯೊಂದರ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನೆ ಎಂಬುವಳ ದೆವ್ವ ಬಂದಿದೆಯೆಂಬ ಗುಲ್ಲು, ಅದರಿಂದೇಳುವ ಗದ್ದಲ. ಊರೆಂಬ ಊರೇ ನಾಯಕ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ನಗುವಿನ ನಡುವೆ ನನಗೊಂದು ಯೋಚನೆ ಬಂತು. ಕನ್ನಡದ ಮೊತ್ತಮೊದಲ ವಾಕ್ಚಿತ್ರದ ಹೆಸರೂ ಸುಲೋಚನೆಯದೇ. ವೈ.ವಿ. ರಾವ್ ನಿರ್ದೇಶಿಸಿದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ತೆರೆಕಂಡಿತು. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ ಮುಖ್ಯ ಪಾತ್ರಧಾರಿಗಳು. ಆ ಸುಲೋಚನೆಯನ್ನು ಇಂದು ನೋಡುವಂತಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಎರಡೂವರೆ ನಿಮಿಷದ ಒಂದು ತುಣುಕು ಉಳಿದಿದ್ದರೂ ಸಾಕಿತ್ತು, ಮೊದಲ ಸಲ ಕನ್ನಡ ಮಾತಾಡಿದ ತೆರೆಯನ್ನು ಕಣ್ಣಾರೆ ಕಾಣುತ್ತಿದ್ದೆವು. ಬುಧವಾರ ಟ್ರೈಲರುಗಳನ್ನು ತೂಗಿ ನೋಡಿದ ನಾನು ಶುಕ್ರವಾರ ಒಂದು ತುಣುಕಿಗಾಗಿ ಹಂಬಲಿಸಿದೆ! ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಅದೃಷ್ಟ ದೊಡ್ಡದು. ಅದನ್ನು ಜೀರ್ಣೋದ್ಧಾರ ಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಲ್ಲ ಚಿತ್ರಗಳಿಗೂ ಆ ಭಾಗ್ಯವಿಲ್ಲ. ಉಳಿಸಿಕೊಳ್ಳುವವರು ಇದ್ದರೆ ಮಾತ್ರ ಉಳಿಯುತ್ತವೆ.

ಶನಿವಾರ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 2018ರ ಚಿತ್ರ, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿನಾಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕುತ್ತಾರೆ, ಶಾಲೆ ಮುಚ್ಚುವ ಹುನ್ನಾರ ನಡೆಯುತ್ತದೆ, ಮಕ್ಕಳೇ ಹೋರಾಟಕ್ಕಿಳಿಯುತ್ತಾರೆ. ಅನಂತನಾಗ್ ಬಂದ ಮೇಲಂತೂ ನ್ಯಾಯಾಲಯದಲ್ಲಿ ಹಬ್ಬ. ಮೊಮ್ಮಗ ಒಮ್ಮೆಯೂ ಮೊಬೈಲು ಮುಟ್ಟಲಿಲ್ಲ. "ಇನ್ನೇನು ಯೋಚನೆ? ಇದನ್ನೇ ತೋರಿಸಿ" ಎಂದು ನನ್ನಾಕೆ ತೀರ್ಪು ಕೊಟ್ಟಳು. ಹಳ್ಳಿಯ ಮಕ್ಕಳಿಗೆ ತಮ್ಮಂಥದೇ ಶಾಲೆ, ತಮ್ಮಂಥದೇ ಬೆಂಚು. ಬೇರೆ ಯಾವ ಚಿತ್ರ ಇದಕ್ಕಿಂತ ಹೊಂದೀತು?

ಭಾನುವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿದೆ. "ಇಬ್ಬರು ಆಯ್ಕೆಯಾಗಿದ್ದಾರೆ ಕಣಮ್ಮಾ. ಸರ್ಕಾರಿ ಶಾಲೆಯನ್ನು ಮಕ್ಕಳು ಎಲ್ಲಿ ಬೇಕಾದರೂ, ಯಾರ ಜೊತೆ ಬೇಕಾದರೂ ನೋಡಿ ಸಂತೋಷಪಡುತ್ತಾರೆ. ಅದನ್ನು ಮಕ್ಕಳ ದಿನಾಚರಣೆಗೆ ಇಟ್ಟುಕೊ. ತಬರನನ್ನು ಮಾತ್ರ ಅವರು ಒಬ್ಬೊಬ್ಬರೇ ನೋಡಲಾರರು. ಪಕ್ಕದಲ್ಲಿ ಯಾರಾದರೂ ಕೂರಬೇಕು. ಈ ಶನಿವಾರ ಅದನ್ನು ತೋರಿಸು. ನಾನೂ ಬರುತ್ತೇನೆ."

ಆಚೆ ಕಡೆ ಸ್ವಲ್ಪ ಹೊತ್ತು ಮೌನ. "ಸಾರ್, ಅವರು ಕೂರಲ್ಲ" ಎಂದಳು.

"ಕಾಯುವುದೇನೆಂದು ತಿಳಿಯದ ಮಕ್ಕಳಿಗೆ, ನಾಳೆ ಮೇಜಿನ ಆಚೆ ಕುಳಿತಾಗ, ಕಾದು ನಿಂತವರ ಸಂಕಟ ಹೇಗೆ ತಿಳಿದೀತು?" ಎಂದೆ. ಅವಳು ಮರುಮಾತಾಡಲಿಲ್ಲ.

ಪ್ರದರ್ಶನದ ದಿನ ಕಿಟಕಿಗಳಿಗೆ ರಾಗಿಯ ಚೀಲ ಕಟ್ಟಿ ಕತ್ತಲು ಮಾಡಿದ್ದರು. ಟೆಂಟಿನ ಪದ್ಧತಿಯಂತೆ ನಡುವೆ ಎರಡು ಸಲ ನಿಲ್ಲಿಸಿ ದೀಪ ಹಾಕಿ ಕಡಲೆಪುರಿ ಹಂಚುವುದೆಂದು ನಿಯಮ ಮಾಡಿದ್ದೆ. ಐವತ್ತೆಂಟು ಮಕ್ಕಳು. ಸತ್ಯವನ್ನೇ ಹೇಳುತ್ತೇನೆ. ಮೊದಲ ಭಾಗದಲ್ಲಿ ಹಿಂದಿನ ಸಾಲಿನ ಹುಡುಗರು ಕುಸುಕುಸು ಮಾಡುತ್ತಿದ್ದರು, ನಾಲ್ಕಾರು ಮಂದಿ ತೂಕಡಿಸಿದರು, ಒಬ್ಬ ಮೂರು ಸಲ ನೀರು ಕುಡಿಯಲು ಹೋದ. ಎರಡನೆಯ ಕಡಲೆಪುರಿಯ ಹೊತ್ತಿಗೆ ಗದ್ದಲ ತಗ್ಗಿತ್ತು. ಕೊನೆಯ ಅರ್ಧ ಗಂಟೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಎಲ್ಲರೂ ನೋಡಿದರೆಂದು ಹೇಳಲಾರೆ, ಸುಮಾರು ಮಂದಿ ನೋಡಿದರು.

ಚೀಲ ಬಿಚ್ಚಿ ಬೆಳಕು ಬಂದ ಮೇಲೆ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಯಾರೂ ಏಳಲಿಲ್ಲ. ಎಲ್ಲರೂ ಹೊರಟ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. "ಸಾರ್, ಆ ಅಜ್ಜನ ಮನೇಲಿ ಓದೋಕೆ ಬರೋರು ಯಾರೂ ಇರಲಿಲ್ವಾ?" ಎಂದು ಕೇಳಿದಳು. ಆಮೇಲೆ ಇನ್ನೂ ಮೆಲ್ಲಗೆ, "ನಮ್ಮಜ್ಜಿಗೆ ಬರ್ತಿದ್ದ ಪಿಂಚಣಿ ದುಡ್ಡು ಐದು ತಿಂಗಳಿಂದ ನಿಂತಿದೆ. ಅರ್ಜೀನ ನಾನೇ ಬರೀಬಹುದಾ ಸಾರ್?"

ಅಲ್ಲೇ ಬೆಂಚಿನ ಮೇಲೆ ಕುಳಿತು ಹೇಳಿಕೊಟ್ಟೆ. ಇಂದ, ಇವರಿಗೆ, ಮಾನ್ಯರೆ, ವಿಷಯ. ಪರೀಕ್ಷೆಗೆ ಐದು ಅಂಕದ ಪತ್ರಲೇಖನವೆಂದು ನಿಮಗೆಲ್ಲ ಹೇಳಿಕೊಟ್ಟ ಅದೇ ಕ್ರಮ. ಅವಳೇ ಬರೆದಳು. ದುಂಡಗಿನ ಅಕ್ಷರ, ಎರಡು ಕಡೆ ಒತ್ತಕ್ಷರ ತಿದ್ದಿದೆ, ಅಷ್ಟೇ. ಕಚೇರಿಗೆ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡ ಎಂದೆ. ಹಾಕಿಸಿಕೊಂಡಳೆಂದು ಮುಖ್ಯೋಪಾಧ್ಯಾಯಿನಿ ಮರುವಾರ ತಿಳಿಸಿದಳು. ಇದನ್ನು ಬರೆಯುತ್ತಿರುವ ಹೊತ್ತಿಗೆ ಉತ್ತರ ಬಂದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂದು ನಾಡಕಚೇರಿಯಲ್ಲೋ ಖಜಾನೆಯಲ್ಲೋ ಪಂಚಾಯಿತಿಯಲ್ಲೋ ಮೇಜಿನ ಆಚೆ ಕುಳಿತಿದ್ದೀರಿ. ಕೆಲಸ ಹೆಚ್ಚು, ಸಿಬ್ಬಂದಿ ಕಡಿಮೆ ಎಂಬುದನ್ನು ಬಲ್ಲೆ. ದುಂಡಗಿನ ಅಕ್ಷರದಲ್ಲಿ ಬರೆದ ಅರ್ಜಿಯೊಂದು ನಿಮ್ಮ ಮುಂದೆ ಬಂದರೆ ಅದನ್ನು ಕೊನೆಯ ಸಾಲಿನವರೆಗೂ ಓದಿ. ಅದರ ಹಿಂದೆ ಒಬ್ಬ ಅಜ್ಜಿ ಕಾಯುತ್ತಿದ್ದಾಳೆ.